ತಂಡ ಹೊರಟ ಮೇಲೆ ಮತ್ತೆ ಹಳೇ ಚಾಳಿ

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಖರೀದಿ ಮಂಜೂರಾತಿಯನ್ನು ಕಾಗದದಿಂದ ಹೊಸ ಸಾಫ್ಟ್‌ವೇರಿಗೆ ತಂದರು. ಎಂಟು ತಿಂಗಳ ಪ್ರಾಜೆಕ್ಟ್. ತಂಡ ಇದ್ದಷ್ಟು ದಿನ ಎಲ್ಲ ಸರಿಯಿತ್ತು. ಅವರು ಹೋಗಿ ಮೂರು ತಿಂಗಳಾಯಿತು, ಅರ್ಧಕ್ಕರ್ಧ ಜನ ಮತ್ತೆ ಎಕ್ಸೆಲ್ ಹಾಳೆಗೆ, ಫೋನಿಗೆ ಮರಳಿದ್ದಾರೆ. ಇನ್ನೊಂದು ಸುತ್ತು ತರಬೇತಿ ಕೊಡಿಸಲೇ?

ಉತ್ತರ: ಸದ್ಯಕ್ಕೆ ಬೇಡ. ಮೊದಲು ಸಾಫ್ಟ್‌ವೇರಿನ ಹೊರಗೆ ನಡೆದ ಹತ್ತು-ಹದಿನೈದು ಖರೀದಿಗಳನ್ನು ಆರಿಸಿಕೊಂಡು, ಒಂದೊಂದಕ್ಕೂ ‘ಯಾಕೆ ಹೀಗಾಯಿತು’ ಎಂದು ಸಂಬಂಧಪಟ್ಟವರನ್ನು ಕೇಳಿ. ಗದರಿಸಬೇಡಿ, ಗದರಿದರೆ ನಿಜ ಹೊರಬರುವುದಿಲ್ಲ. ‘ಮಾಡುವುದು ಗೊತ್ತಿರಲಿಲ್ಲ’ ಎಂದವರಿಗಷ್ಟೇ ತರಬೇತಿ ಸಾಕು. ಹೆಚ್ಚಾಗಿ ಸಿಗುವ ಉತ್ತರಗಳು ಬೇರೆ: ಮಂಜೂರು ಮಾಡುವವರು ರಜೆಯಲ್ಲಿದ್ದರು, ಅವರ ಬದಲಿಗೆ ಯಾರೆಂದು ಸಾಫ್ಟ್‌ವೇರಿನಲ್ಲಿ ನಮೂದಾಗಿರಲಿಲ್ಲ. ಹೊಸ ಪೂರೈಕೆದಾರರನ್ನು ಸೇರಿಸುವ ಅಧಿಕಾರ ಯಾರಿಗೂ ಇಲ್ಲ. ತುರ್ತು ಖರೀದಿಗೆ ದಾರಿಯೇ ಇಲ್ಲ. ಇಷ್ಟು ದಿನ ಇವನ್ನೆಲ್ಲ ಪ್ರಾಜೆಕ್ಟ್ ತಂಡದವರು ಸದ್ದಿಲ್ಲದೆ ಮಾಡಿಕೊಡುತ್ತಿದ್ದರು. ಅವರೊಂದಿಗೆ ಆ ಕೆಲಸವೂ ಹೋಯಿತು.

ಹಾಗಾಗಿ ತಂಡ ಮಾಡುತ್ತಿದ್ದ ಸಣ್ಣಪುಟ್ಟ ಕೆಲಸಗಳನ್ನೆಲ್ಲ ಪಟ್ಟಿ ಮಾಡಿ. ಪ್ರತಿಯೊಂದರ ಎದುರು ಒಬ್ಬರ ಹೆಸರು, ಅವರಿಲ್ಲದಾಗ ನೋಡಿಕೊಳ್ಳುವವರ ಹೆಸರು, ವಾರಕ್ಕೆ ಎಷ್ಟು ಗಂಟೆ ಬೇಕು ಎಂಬುದನ್ನು ಬರೆಯಿರಿ. ‘ಖರೀದಿ ವಿಭಾಗ’ ಎಂದು ಬರೆದರೆ ಯಾರದೂ ಅಲ್ಲ ಎಂದೇ ಅರ್ಥ. ಗಂಟೆ ಬರೆಯುವುದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ವಾರಕ್ಕೆ ನಾಲ್ಕು ಗಂಟೆಯ ಕೆಲಸ ಹೊರಿಸಿ, ಇರುವ ಕೆಲಸದಲ್ಲಿ ಏನನ್ನೂ ಕಡಿಮೆ ಮಾಡದಿದ್ದರೆ ಒತ್ತಡ ಬಂದ ಮೊದಲ ವಾರವೇ ಅದು ಕೈಬಿಟ್ಟುಹೋಗುತ್ತದೆ. ಸಾಫ್ಟ್‌ವೇರಿನ ಲೈಸೆನ್ಸ್ ನವೀಕರಣ ಮುಂದಿನ ವರ್ಷ ಯಾರ ಬಜೆಟ್‌ನಲ್ಲಿದೆ ಎಂಬುದನ್ನೂ ಈಗಲೇ ಕೇಳಿಕೊಳ್ಳಿ. ಪ್ರಾಜೆಕ್ಟಿನ ಖಾತೆ ಮುಚ್ಚಿರುತ್ತದೆ.

ಇದಾದ ಮೇಲೆ ಹಳೆಯ ದಾರಿ ಮುಚ್ಚಿ. ಹಳೆಯ ಎಕ್ಸೆಲ್ ಕಡತವನ್ನು ಓದಲು ಮಾತ್ರ ಬಿಡಿ, ಸಾಫ್ಟ್‌ವೇರಿನಲ್ಲಿ ಮಂಜೂರಾದ ಖರೀದಿ ಆದೇಶದ ಸಂಖ್ಯೆ ಇಲ್ಲದ ಬಿಲ್ಲನ್ನು ಲೆಕ್ಕಪತ್ರ ವಿಭಾಗ ಪಾವತಿಸದಿರಲಿ. ಈ ಅನುಕ್ರಮ ತಪ್ಪಬಾರದು. ತುರ್ತು ದಾರಿ ತೆರೆಯದೆ ಹಳೆಯದನ್ನು ಮುಚ್ಚಿದರೆ, ಜನ ಮೊದಲು ಕೊಂಡುಕೊಂಡು ಆಮೇಲೆ ಆದೇಶ ಹುಟ್ಟಿಸುತ್ತಾರೆ. ಅದನ್ನು ಹಿಡಿಯುವ ಅಳತೆಯೂ ಸುಲಭ: ಆದೇಶ ಮಂಜೂರಾದ ದಿನಕ್ಕಿಂತ ಹಿಂದಿನ ತಾರೀಖಿನ ಬಿಲ್ಲುಗಳು ವಾರಕ್ಕೆ ಎಷ್ಟು ಬಂದವು, ಎಣಿಸಿ. ‘ಎಷ್ಟು ಜನ ಲಾಗಿನ್ ಆದರು’ ಎಂಬ ಅಂಕಿಗಿಂತ ಇದು ಹೆಚ್ಚು ಪ್ರಾಮಾಣಿಕ.

ನಿಮ್ಮಲ್ಲಿ ಆದದ್ದು ಹೊಸದೇನಲ್ಲ. ಗುಂಪಿನ ನಡವಳಿಕೆಗೆ ಹೊರಗಿನಿಂದ ಉತ್ತೇಜನ ಕೊಟ್ಟರೆ ಅದು ಸ್ವಲ್ಪ ದಿನ ಏರಿ ಮತ್ತೆ ಹಿಂದಿನ ಮಟ್ಟಕ್ಕೇ ಇಳಿಯುತ್ತದೆ, ಆದ್ದರಿಂದ ಹೊಸ ಮಟ್ಟದಲ್ಲಿ ನಿಲ್ಲಿಸುವುದೂ ಗುರಿಯ ಭಾಗವಾಗಿರಬೇಕು ಎಂದು ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1947ರಲ್ಲೇ ಬರೆದಿದ್ದರು.

ಪ್ರಶ್ನೆ: ಸುರಕ್ಷತಾ ಪರಿಶೀಲನಾ ಪಟ್ಟಿ ಜಾರಿಗೆ ತಂದೆವು. ಪ್ರತಿ ತಿಂಗಳೂ ನೂರಕ್ಕೆ ನೂರು ಭರ್ತಿಯಾಗುತ್ತಿದೆ. ಆದರೂ ಅದೇ ತಪ್ಪುಗಳು ನಡೆಯುತ್ತಿವೆ.

ಉತ್ತರ: ನೂರಕ್ಕೆ ನೂರು ಎಂಬುದೇ ಅನುಮಾನಕ್ಕೆ ಕಾರಣ. ನೀವು ಅಳೆಯುತ್ತಿರುವುದು ಟಿಕ್ ಗುರುತನ್ನು, ಕೆಲಸವನ್ನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸಾ ಪಟ್ಟಿಯನ್ನೇ ನೋಡಿ: 19 ಅಂಶ, ಮೂರು ನಿಲುಗಡೆ. ಅರಿವಳಿಕೆಗೆ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿಯನ್ನು ಕೊಠಡಿಯಿಂದ ಸಾಗಿಸುವ ಮೊದಲು. ಎಲ್ಲರೂ ಕೈಕೆಲಸ ನಿಲ್ಲಿಸಿ, ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಬಾಯಿಬಿಟ್ಟು ಉತ್ತರಿಸಿದರಷ್ಟೇ ಅದಕ್ಕೆ ಜೀವ. ಪಾಳಿ ಮುಗಿದ ಮೇಲೆ ಒಟ್ಟಿಗೆ ಭರ್ತಿ ಮಾಡಿದರೆ ಕಾಗದವಷ್ಟೇ ಉಳಿಯುತ್ತದೆ.

ಮೇಲ್ವಿಚಾರಕರು ವಾರಕ್ಕೆ ಐದು ಸಲ, ಬೇರೆಬೇರೆ ಪಾಳಿಯಲ್ಲಿ, ಹತ್ತು ನಿಮಿಷ ನಿಂತು ನೋಡಲಿ. ರಾತ್ರಿ ಪಾಳಿ ತಪ್ಪದಿರಲಿ. ಕಂಡದ್ದನ್ನು ಪಟ್ಟಿಯ ಅಂಕಿಯ ಪಕ್ಕದಲ್ಲಿಡಿ. ಮೂರು ತಿಂಗಳು ಹೀಗೆ ನಡೆಸಿ, ಆಮೇಲೆ ಹದಿನೈದು ದಿನಕ್ಕೊಮ್ಮೆ, ನಂತರ ತಿಂಗಳಿಗೊಮ್ಮೆ ಮಾಡಿ. ಇಳಿಕೆ ಕಂಡರೆ ಮತ್ತೆ ವಾರಕ್ಕೇ ಬನ್ನಿ. ಆದರೆ ಒಂದು ವಾರ ಅಂಕಿ ಬಿದ್ದಿತೆಂದು ಸಭೆ ಕರೆಯಬೇಡಿ. ಸತತ ಎಂಟು ಅಳತೆಗಳು ಸರಾಸರಿಗಿಂತ ಕೆಳಗಿದ್ದರೆ ಅದು ಆಕಸ್ಮಿಕವಲ್ಲ, ಏನೋ ಬದಲಾಗಿದೆ ಎಂದು ಗುಣಮಟ್ಟ ನಿಯಂತ್ರಣದವರು ಲೆಕ್ಕ ಹಾಕುತ್ತಾರೆ.

ಪ್ರಶ್ನೆ: ನಮ್ಮ ತಂಡ ಎರಡು ತಿಂಗಳಲ್ಲಿ ಹೊರಡುತ್ತದೆ. ಹಸ್ತಾಂತರದ ದಾಖಲೆ ಅರವತ್ತು ಪುಟ ಆಗಿದೆ. ಸಾಕೆ?

ಉತ್ತರ: ಅರವತ್ತು ಪುಟ ಯಾರೂ ಓದುವುದಿಲ್ಲ. ಮೇಜಿನ ಮೇಲಿಡಲು ಒಂದು ಹಾಳೆ ಮಾಡಿ, ಉಳಿದದ್ದು ಕಪಾಟಿನಲ್ಲಿರಲಿ. ಕೊನೆಯ ಆರು ವಾರ ತಂಡ ಅಲ್ಲೇ ಕೂತಿರಲಿ, ಆದರೆ ಯಾವ ಕೆಲಸಕ್ಕೂ ಕೈಹಾಕದಿರಲಿ; ಎಡವಿದ್ದನ್ನು ಬರೆದುಕೊಂಡು ಸಂಜೆ ಹೇಳಲಿ. ಹೊರಡುವ ಮೊದಲು ಒಂದು ಪರೀಕ್ಷೆ: ತರಬೇತಿ ಮುಗಿದ ಮೇಲೆ ಕೆಲಸಕ್ಕೆ ಸೇರಿದ ಒಬ್ಬರಿಗೆ ಆ ಒಂದೇ ಹಾಳೆ ಕೊಟ್ಟು ಕೆಲಸ ಮಾಡಿಸಿ. ಅವರು ಮೂರು ಕಡೆ ನಿಂತರೆ ಆ ಮೂರನ್ನು ಸರಿಪಡಿಸಿ, ಇನ್ನೊಬ್ಬ ಹೊಸಬರನ್ನು ಕೂರಿಸಿ.