ಬೆಂಗಳೂರಿನ ಬಾಲ್ಕನಿಯಲ್ಲಿ ಬೀಜದಿಂದ ಲ್ಯಾವೆಂಡರ್ ಬೆಳೆಸಬಹುದೇ?

ಬೆಳೆಸಬಹುದು, ಆದರೆ ತಾಳ್ಮೆ ಬೇಕು. ಬೀಜವನ್ನು ಒದ್ದೆ ಟಿಶ್ಯೂನಲ್ಲಿ ಸುತ್ತಿ 3–4 ವಾರ ಫ್ರಿಜ್‌ನಲ್ಲಿಡಿ (ಫ್ರೀಜರ್‌ನಲ್ಲಲ್ಲ). ಮೊಳಕೆಗೆ ಬೆಳಕು ಬೇಕಾದ್ದರಿಂದ ಆಮೇಲೆ ಮಣ್ಣಿನ ಮೇಲೆಯೇ ಉದುರಿಸಿ, ಹೂಳಬೇಡಿ. ಮೊಳಕೆಗೆ 2–4 ವಾರ ಬೇಕು; ಎಲ್ಲವೂ ಹುಟ್ಟುವುದಿಲ್ಲ.

ಇಲ್ಲಿ ಗಿಡ ಸಾಯುವುದು ಬಿಸಿಲಿಗಿಂತ ಹೆಚ್ಚಾಗಿ ಮಳೆಗಾಲದ ತೇವಕ್ಕೆ, ಬೇರು ಕೊಳೆತು. ಹಾಗಾಗಿ ಮಳೆ ತಗ್ಗಿದ ಮೇಲೆ, ನವೆಂಬರ್ ಸುಮಾರಿಗೆ ಬಿತ್ತಿ. ಮಣ್ಣಿಗೆ ಅರ್ಧದಷ್ಟು ದಪ್ಪ ಮರಳು, ಚಿಟಿಕೆ ಸುಣ್ಣ ಬೆರೆಸಿ. ನೀರು ಹಿಡಿದಿಡುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕಡಿಮೆ ಮಾಡಿ. ಪ್ಲಾಸ್ಟಿಕ್‌ಗಿಂತ ಮಣ್ಣಿನ ಕುಂಡ ವಾಸಿ. ದಿನಕ್ಕೆ 6 ಗಂಟೆ ಬಿಸಿಲು ಬೇಕೇ ಬೇಕು. ಗೊಬ್ಬರದ ಉಪಚಾರ ಬೇಡ.

ಇಂಗ್ಲಿಷ್ ಲ್ಯಾವೆಂಡರ್ ಚೆನ್ನಾಗಿ ಹೂ ಬಿಡಲು ಬೇಕಾದಷ್ಟು ಚಳಿ ನಮ್ಮಲ್ಲಿಲ್ಲ. ಹಲ್ಲಂಚಿನ ಎಲೆಯ ಫ್ರೆಂಚ್ ಜಾತಿಯೇ ನನ್ನ ಆಯ್ಕೆ. ಅವಸರವಿದ್ದರೆ ನರ್ಸರಿಯಿಂದ ಸಸಿ ತನ್ನಿ, ಬೀಜದ ಗಿಡ ಹೂ ಬಿಡಲು ವರ್ಷ ಹಿಡಿಯಬಹುದು.