ವಾರವಿಡೀ ಆಫೀಸು, ಭಾನುವಾರ ಬೆಟ್ಟ: ಒಂದೇ ಸೈಕಲ್ಲಿನ ಎರಡು ಲೆಕ್ಕ

ಸೈಕಲ್ ಅಂಕಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ನನ್ನದು 27.5 ಇಂಚಿನ ಚಕ್ರದ ಎಂಟಿಬಿ (ಮಣ್ಣುದಾರಿಯ ಮೌಂಟನ್ ಬೈಕ್), 2.1 ಇಂಚು ಅಗಲದ ಗಡ್ಡೆ ಗಡ್ಡೆ ಟೈರು. ವಾರದಲ್ಲಿ ಐದು ದಿನ 11 ಕಿ.ಮೀ. ದೂರದ ಆಫೀಸಿಗೆ, ಭಾನುವಾರ ಗೆಳೆಯರ ಜೊತೆ ಮಣ್ಣುದಾರಿಗೆ. ಟಾರು ರಸ್ತೆಯಲ್ಲಿ ಎಷ್ಟು ತುಳಿದರೂ ಮುಂದೆ ಹೋಗುವುದಿಲ್ಲ. ಆಫೀಸಿಗೆಂದೇ ಒಂದು ಹೈಬ್ರಿಡ್ (ಟಾರು ರಸ್ತೆಯಲ್ಲಿ ಹಗುರವಾಗಿ ಓಡುವ ಸೈಕಲ್) ಕೊಳ್ಳಲೇ?
(ಬನಶಂಕರಿ, ಬೆಂಗಳೂರು)

ಬೇಡ. ಅದರ ಹತ್ತನೇ ಒಂದು ಭಾಗದ ದುಡ್ಡಿನಲ್ಲಿ ಕೆಲಸ ಆಗುತ್ತದೆ. ನಿಮ್ಮನ್ನು ಹಿಂದಕ್ಕೆ ಎಳೆಯುತ್ತಿರುವುದು ಸೈಕಲ್ಲಲ್ಲ, ಟೈರು. ಮಣ್ಣನ್ನು ಕಚ್ಚಿ ಹಿಡಿಯಲೆಂದು ಮಾಡಿದ ರಬ್ಬರ್ ಗಡ್ಡೆಗಳು ಟಾರಿನ ಮೇಲೆ ಒಂದೊಂದಾಗಿ ಬಾಗಿ ಏಳುತ್ತವೆ. ನಿಮ್ಮ ಕಾಲಿನ ಶಕ್ತಿಯಲ್ಲಿ ಒಂದಷ್ಟು ಆ ಬಾಗುವಿಕೆಗೇ ಖರ್ಚಾಗುತ್ತದೆ. ಜೇನುಹುಳದಂಥ ಆ ಗುಂಯ್ ಸದ್ದೇ ಅದಕ್ಕೆ ಸಾಕ್ಷಿ.

27.5 ಅಳತೆಯಲ್ಲೇ 1.75ರಿಂದ 2.0 ಅಗಲದ ನುಣುಪು ಟೈರು ಒಂದು ಜೊತೆ ತನ್ನಿ. ಇನ್ನೂ ಸಣ್ಣದು ಹಾಕಬೇಡಿ, ನಮ್ಮ ಗುಂಡಿಗಳಿಗೆ ರಿಮ್ಮು ಉಳಿಯುವುದಿಲ್ಲ. ಹಳೆಯ ಟ್ಯೂಬೇ ಸಾಕು, ಅದರ ಮೇಲೆ ಬರೆದಿರುವ ಅಗಲದ ಮಿತಿಯನ್ನು ಒಮ್ಮೆ ನೋಡಿಕೊಳ್ಳಿ. ಶನಿವಾರ ರಾತ್ರಿ ಬಿಚ್ಚಿ ಹಾಕಲು ಮೊದಮೊದಲು ಮುಕ್ಕಾಲು ಗಂಟೆ ಬೇಕು, ಕೈ ಪಳಗಿದ ಮೇಲೆ ಇಪ್ಪತ್ತು ನಿಮಿಷ. ಅಷ್ಟು ವ್ಯವಧಾನ ಇಲ್ಲದವರು ನಡುವೆ ನುಣುಪು, ಅಂಚಿನಲ್ಲಿ ಮಾತ್ರ ಗಡ್ಡೆ ಇರುವ ಟೈರನ್ನು ಎರಡಕ್ಕೂ ಬಳಸಬಹುದು. ಒಣ ಮಣ್ಣಿಗೆ ಅದು ಸಾಕು, ಮಳೆಗಾಲದ ಕೆಸರಿಗೆ ಸಾಲದು.

ಟೈರಿನಷ್ಟೇ ಮುಖ್ಯವಾದದ್ದು ಗಾಳಿ. ಅದರ ಒತ್ತಡದ ಅಳತೆ ಪಿಎಸ್‌ಐ. 70 ಕಿಲೋ ತೂಕದವರು ಟ್ಯೂಬ್ ಇರುವ 2.1 ಟೈರಿಗೆ ಮಣ್ಣಿನಲ್ಲಿ ಹಿಂದೆ 30–32 ಪಿಎಸ್‌ಐ, ಮುಂದೆ 28 ಇಟ್ಟು ಶುರು ಮಾಡಿ. ಟಾರಿನಲ್ಲಿ ನುಣುಪು ಟೈರಿಗೆ 45–50. ತೂಕ ಹತ್ತು ಕಿಲೋ ಹೆಚ್ಚಾದರೆ ಸುಮಾರು 2 ಪಿಎಸ್‌ಐ ಸೇರಿಸಿ, ಕಡಿಮೆಯಾದರೆ ಅಷ್ಟೇ ಕಳೆಯಿರಿ. ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವ ಕನಿಷ್ಠ, ಗರಿಷ್ಠ ದಾಟಬಾರದು. ಮಣ್ಣಿನಲ್ಲಿ ಗಾಳಿ ಹೆಚ್ಚಾದರೆ ಚಕ್ರ ಕಲ್ಲಿನಿಂದ ಕಲ್ಲಿಗೆ ಪುಟಿಯುತ್ತದೆ, ಹಿಡಿತವೇ ಇರುವುದಿಲ್ಲ. ತೀರಾ ಕಡಿಮೆಯಾದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಎರಡು ತೂತು ಅಕ್ಕಪಕ್ಕ ಬೀಳುತ್ತವೆ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹೊಡೆಸುವ ಅಭ್ಯಾಸವಿದ್ದರೆ ಬಿಡಿ. ಕಾರಿನ ಟೈರಿಗೆ ತುಂಬುವ ವೇಗ ಅದು, ಸೈಕಲ್ ಟ್ಯೂಬು ಎರಡೇ ಕ್ಷಣದಲ್ಲಿ ಮಿತಿ ದಾಟುತ್ತದೆ. ಮೀಟರ್ ಇರುವ, ನಿಂತು ಹೊಡೆಯುವ ಪಂಪು ಮನೆಯಲ್ಲಿರಲಿ.

ಮುಂದಿನ ಶಾಕಿಗೆ ಕುಸಿಯದಂತೆ ತಡೆಯುವ ಲಾಕ್ ಇದ್ದರೆ ಟಾರಿನಲ್ಲಿ ಹಾಕಿಡಿ. ಲಾಕಿಲ್ಲದ ಸ್ಪ್ರಿಂಗ್ ಶಾಕಿನಲ್ಲಿ ‘ಪ್ರಿಲೋಡ್’ ಗುಂಡಿ ತಿರುಗಿಸಿ ಗಟ್ಟಿ ಮಾಡಿದೆ ಎಂದುಕೊಳ್ಳುವವರು ಬಹಳ. ಅದರಿಂದ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಕುಸಿಯಲು ಶುರುವಾಗುವ ಹಂತ ಬದಲಾಗುತ್ತದೆ, ಅಷ್ಟೇ.

ನಮ್ಮ ಕಡೆ ದಾರಿಯ ತುಂಬ ಜಾಲಿಮುಳ್ಳು. ಭಾನುವಾರ ಹೋದರೆ ಮೂರು ಪಂಚರ್ ಗ್ಯಾರಂಟಿ. ಪ್ಯಾಚ್ ಹಾಕಿದ ಜಾಗದ ಪಕ್ಕದಲ್ಲೇ ಮತ್ತೆ ತೂತಾಗುತ್ತದೆ.
(ಚಿತ್ರದುರ್ಗ)

ಪಕ್ಕದಲ್ಲೇ ತೂತಾಗುತ್ತದೆ ಎಂದರೆ ಹಳೆಯ ಮುಳ್ಳಿನ ತುದಿ ಟೈರಿನಲ್ಲೇ ಕೂತಿದೆ. ಜಾಲಿಮುಳ್ಳು ಹೊರಗಡೆ ಮುರಿದು, ಒಳಗೆ ಎರಡು ಮಿಲಿಮೀಟರ್ ಉಳಿಯುತ್ತದೆ, ಕಣ್ಣಿಗೆ ಕಾಣದು. ಟ್ಯೂಬು ತೆಗೆದ ಮೇಲೆ ಹತ್ತಿಬಟ್ಟೆಯ ಚೂರನ್ನು ಟೈರಿನ ಒಳಗೆ ಸುತ್ತಲೂ ಎಳೆಯಿರಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಬರಿ ಬೆರಳು ಆಡಿಸಿದರೆ ಬೆರಳಿಗೂ ಒಂದು ಪಂಚರ್. ಟ್ಯೂಬು ತೆಗೆಯುವ ಮೊದಲು ಅದರ ವಾಲ್ವು ಟೈರಿನ ಯಾವ ಅಕ್ಷರದ ಎದುರು ಇತ್ತೆಂದು ನೆನಪಿಟ್ಟುಕೊಂಡರೆ, ಟ್ಯೂಬಿನ ತೂತಿನಿಂದ ಟೈರಿನ ಜಾಗವನ್ನು ನೇರವಾಗಿ ಹುಡುಕಬಹುದು. ತೂತು ರಿಮ್ಮಿನ ಕಡೆಗಿದ್ದರೆ ಮುಳ್ಳಿನದಲ್ಲ, ಚಕ್ರದ ಕಡ್ಡಿಯ (ಸ್ಪೋಕ್) ತುದಿಯದು: ರಿಮ್ಮಿನ ಪಟ್ಟಿ ಸರಿದಿದೆ ಅಥವಾ ಹರಿದಿದೆ.

ಪ್ಯಾಚು ಏಳುವುದಕ್ಕೆ ಕಾರಣ ಅವಸರ. ಪ್ಯಾಚಿಗಿಂತ ಅಗಲವಾದ ಜಾಗವನ್ನು ಟ್ಯೂಬಿನ ಹೊಳಪು ಪೂರ್ತಿ ಹೋಗುವಷ್ಟು ಉಜ್ಜಿ. ಸೊಲ್ಯೂಷನ್ ತೆಳ್ಳಗೆ ಸವರಿ, ಮೂರು ನಾಲ್ಕು ನಿಮಿಷ ಸುಮ್ಮನಿರಿ. ಹಸಿ ಇರುವಾಗಲೇ ಅಂಟಿಸಿದರೆ ಬಿಸಿಲಿಗೆ ಏಳುತ್ತದೆ. ಹಸಿ ಹೊಳಪು ಆರಿದ ಮೇಲೆ ಪ್ಯಾಚ್ ಇಟ್ಟು ನಡುವಿನಿಂದ ಅಂಚಿಗೆ ಒಂದು ನಿಮಿಷ ಒತ್ತಿ. ಟೈರು ಹಾಕುವಾಗ ವಾಲ್ವಿನ ಎದುರುಗಡೆಯಿಂದ ಶುರು ಮಾಡಿ ವಾಲ್ವಿನ ಹತ್ತಿರ ಮುಗಿಸಿ. ಟೈರಿನ ಅಂಚನ್ನು ಸುತ್ತಲೂ ರಿಮ್ಮಿನ ನಡುವಿನ ತಗ್ಗಿಗೆ ಹಿಸುಕಿಕೊಂಡು ಬಂದರೆ ಕೊನೆಯ ಗೇಣು ಹೆಬ್ಬೆರಳಿಗೇ ಬಗ್ಗುತ್ತದೆ. ಅಲ್ಲಿ ಲಿವರ್ (ಟೈರು ಬಿಚ್ಚುವ ಪಟ್ಟಿ) ಹಾಕಿದಿರೋ, ಹೊಸ ಟ್ಯೂಬಿಗೂ ತೂತು.

ಆದರೆ ನಿಮ್ಮ ಸೀಮೆಯಲ್ಲಿ ಪ್ಯಾಚು ಕಲಿತರೆ ಸಾಲದು. ಟ್ಯೂಬಿನೊಳಗೆ 60–80 ಮಿ.ಲೀ. ಸೀಲೆಂಟ್ ಹಾಕಿಸಿ, ಸಣ್ಣ ಮುಳ್ಳಿನ ತೂತು ಚಕ್ರ ತಿರುಗುತ್ತಲೇ ಮುಚ್ಚಿಕೊಳ್ಳುತ್ತದೆ. ರಿಮ್ಮು, ಟೈರು ಎರಡೂ ಟ್ಯೂಬ್‌ಲೆಸ್‌ಗೆ ಹೊಂದುವಂತಿದ್ದರೆ ಅದೇ ಉತ್ತಮ: ಒಂದು ಚಕ್ರಕ್ಕೆ ಸುಮಾರು 100 ಮಿ.ಲೀ., ಜೊತೆಗೆ ಗಾಳಿಯನ್ನು ನಾಲ್ಕೈದು ಪಿಎಸ್‌ಐ ಇಳಿಸಬಹುದು. ದುರ್ಗದ ಬಿಸಿಲಿಗೆ ಸೀಲೆಂಟ್ ಎರಡು ಮೂರು ತಿಂಗಳಲ್ಲಿ ಒಣಗುತ್ತದೆ. ಚಕ್ರ ಅಲ್ಲಾಡಿಸಿದಾಗ ಒಳಗೆ ಕುಲುಕುವ ಸದ್ದು ಬಾರದಿದ್ದರೆ ಮತ್ತೆ ತುಂಬಿಸಿ. ಚುಚ್ಚಿದ ಮುಳ್ಳನ್ನು ದಾರಿಯಲ್ಲಿ ಕಿತ್ತ ಕೂಡಲೇ ತೂತನ್ನು ಕೆಳಗೆ ಮಾಡಿ ನಿಲ್ಲಿಸಿ, ದ್ರವ ಅಲ್ಲಿಗೆ ಇಳಿಯಲಿ.

ಮಳೆಗಾಲದಲ್ಲೂ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತೇನೆ. ಚೈನು ಎರಡೇ ದಿನಕ್ಕೆ ಕೆಂಪಗಾಗುತ್ತದೆ. ಎಂಜಿನ್ ಆಯಿಲ್ ಹಾಕಿದೆ, ಈಗ ಡಿಸ್ಕ್ ಬ್ರೇಕ್ ಕಿರುಚುತ್ತದೆ, ಹಿಡಿಯುವುದೂ ಇಲ್ಲ.
(ಮಂಗಳೂರು)

ಎರಡೂ ಒಂದೇ ಕಥೆ. ಚೈನಿನಿಂದ ಸಿಡಿದ ಎಣ್ಣೆ ಡಿಸ್ಕಿಗೆ ತಗಲಿದೆ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಪ್ಯಾಡ್ ಎಣ್ಣೆ ಕುಡಿದಿದ್ದರೆ ಉಜ್ಜಿ ಉಳಿಸುವ ಪ್ರಯತ್ನ ಸಾಮಾನ್ಯವಾಗಿ ದಂಡ, ಹೊಸದು ಹಾಕಿ. ಹಾಕಿದ ಮೇಲೆ ಪ್ಯಾಡ್ ಪಳಗಲೆಂದು ಖಾಲಿ ರಸ್ತೆಯಲ್ಲಿ 25 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ ಇಳಿಯುವಂತೆ, ಚಕ್ರ ಕಚ್ಚಿ ನಿಲ್ಲದ ಹಾಗೆ, ಒಂದೊಂದು ಬ್ರೇಕನ್ನು 15–20 ಸಲ ಹಿಡಿಯಿರಿ. ಇದನ್ನು ಮಾಡದೆಯೇ ‘ಹೊಸ ಪ್ಯಾಡ್ ಸರಿಯಿಲ್ಲ’ ಎಂದು ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲುವವರಿದ್ದಾರೆ. ಒದ್ದೆಯಾದಾಗ ಒಂದೆರಡು ಸಲ ಕಿರುಚಿ ಸುಮ್ಮನಾದರೆ ಅದು ರೋಗವಲ್ಲ.

ಚೈನಿಗೆ ಮಳೆಗಾಲದ ‘ವೆಟ್’ ಲ್ಯೂಬ್ (ಚೈನಿನ ಎಣ್ಣೆ) ತನ್ನಿ. ಸೀಮೆಎಣ್ಣೆ ಅಥವಾ ಡೀಸೆಲ್ ಸೋಕಿಸಿದ ಬಟ್ಟೆಯಲ್ಲಿ ಚೈನು ಒರೆಸಿ, ಪೂರ್ತಿ ಒಣಗಿಸಿ, ಕೊಂಡಿಗೊಂದು ಹನಿ ಬಿಡಿ. ಎಂಟಿಬಿ ಚೈನಿನಲ್ಲಿ ಸುಮಾರು 110ರಿಂದ 116 ಕೊಂಡಿ, ಐದು ನಿಮಿಷದ ಕೆಲಸ. ಪೆಡಲನ್ನು ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು, ಹೊರಗೆ ಕಾಣುವ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಎಣ್ಣೆ ಬೇಕಾದದ್ದು ಕೊಂಡಿಯ ಒಳಗೆ. ಹೊರಗಿನದು ಮರಳು ಹಿಡಿಯುವ ಅಂಟು ಮಾತ್ರ. ತಿಂಗಳಿಗೊಮ್ಮೆ ಸ್ಕೇಲಿಟ್ಟು ಅಳೆಯಿರಿ. ಒಂದು ಪಿನ್ನಿನ ನಡುವಿನಿಂದ 24 ಕೊಂಡಿ ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚು. ಅದಕ್ಕಿಂತ 1/16 ಇಂಚು ಹೆಚ್ಚಿದ್ದರೆ ಚೈನು ಬದಲಿಸುವ ಕಾಲ. 1/8 ಇಂಚಿಗೆ ಬಂದಿದ್ದರೆ ಹಿಂದಿನ ಹಲ್ಲುಚಕ್ರಗಳೂ ಸವೆದಿರುತ್ತವೆ, ಹೊಸ ಚೈನು ಅವುಗಳ ಮೇಲೆ ಜಾರುತ್ತದೆ.

ಬೈಕ್ ವಾಟರ್ ಸರ್ವೀಸಿಗೆ ಸೈಕಲ್ ಕೊಡಬೇಡಿ. ಆ ನೀರಿನ ರಭಸಕ್ಕೆ ಚಕ್ರದ ನಡುವಿನ ಹಬ್ಬಿನ ಗ್ರೀಸು ಹೊರಗೆ, ಕೆಸರು ನೀರು ಒಳಗೆ. ಬಕೆಟ್ಟು, ಮಗ್ಗು, ಹಳೆಯ ಬ್ರಷ್ಷು ಸಾಕು. ಕಡಲ ಗಾಳಿಯ ಊರಿನವರು ಇನ್ನೊಂದು ಮಾಡಬೇಕು: ಮಳೆಗಾಲದ ಮೊದಲೊಮ್ಮೆ, ನಡುವೆಯೊಮ್ಮೆ ಸೀಟಿನ ಕಂಬವನ್ನು ಪೂರ್ತಿ ಎಳೆದು ಒರೆಸಿ ಗ್ರೀಸ್ ಸವರಿ. (ಕಾರ್ಬನ್ ಫ್ರೇಮಿಗೆ ಇದು ಅನ್ವಯಿಸದು.) ಎರಡು ವರ್ಷ ಮುಟ್ಟದೆ ಬಿಟ್ಟ ಕಂಬ ಫ್ರೇಮಿನ ಜೊತೆ ಒಂದಾಗಿಬಿಡುತ್ತದೆ.

ನಾವು ಆರು ಜನ ಸಕಲೇಶಪುರದ ಕಡೆ ತೋಟದ ದಾರಿಗಳಲ್ಲಿ ಸೈಕಲ್ ಹೊಡೆಯುತ್ತೇವೆ. ಇಬ್ಬರು ಮುಂದೆ ಹೋಗಿ ಕಾಣೆಯಾಗುತ್ತಾರೆ, ಒಬ್ಬ ಯಾವಾಗಲೂ ಹಿಂದೆ. ಕೊನೆಗೆ ಮುನಿಸು.
(ಹಾಸನ)

ಒಂದೇ ನಿಯಮ ಇಟ್ಟುಕೊಳ್ಳಿ: ದಾರಿ ಕವಲೊಡೆದಲ್ಲಿ ಪ್ರತಿಯೊಬ್ಬನೂ ತನ್ನ ಹಿಂದಿನವನು ಕಾಣುವವರೆಗೆ ನಿಲ್ಲಬೇಕು. ಆಗ ವೇಗದವರು ವೇಗವಾಗಿಯೇ ಹೋಗಬಹುದು, ಯಾರೂ ತಪ್ಪಿಹೋಗುವುದಿಲ್ಲ. ಎಲ್ಲರ ಹಿಂದೆ ಬರುವವನು ನಿಧಾನದವನಾಗಿರಬಾರದು. ಪಂಚರ್ ಹಾಕಲು, ಚೈನು ಜೋಡಿಸಲು ಬಲ್ಲ ಗಟ್ಟಿಗ ಅಲ್ಲಿರಬೇಕು. ಹಿಂದೆ ಬಿದ್ದವನು ಬಂದು ಸೇರಿದ ಕೂಡಲೇ ಉಳಿದವರು ಹೊರಟುಬಿಡುವುದೇ ಮುನಿಸಿನ ಮೂಲ. ಅವರಿಗೆ ಹತ್ತು ನಿಮಿಷ ವಿಶ್ರಾಂತಿ, ಅವನಿಗೆ ಸೊನ್ನೆ. ಅವನು ನೀರು ಕುಡಿದು ‘ಸರಿ’ ಅನ್ನಲಿ, ಆಮೇಲೆ ಹೊರಡಿ.

ಇಳಿಜಾರಿನ ಕಷ್ಟದ ಜಾಗ ಸಿಕ್ಕಿದರೆ ದಾಟಿ ಓಡಬೇಡಿ. ಅಲ್ಲೇ ಅರ್ಧ ಗಂಟೆ ಆಡಿ. ಒಬ್ಬ ಇಳಿಯುವಾಗ ಇನ್ನೊಬ್ಬ ಆ ಕೆಟ್ಟ ಕಲ್ಲಿನ ಪಕ್ಕ ನಿಂತು ಹಿಡಿಯಲು ಕೈ ಚಾಚಿರಲಿ, ಉಳಿದವರು ಕೆಳಗೆ ನಿಂತು ಗೇಲಿ ಮಾಡಲಿ. ಒಬ್ಬನೇ ಹೋದರೆ ಇಳಿದು ತಳ್ಳಿಕೊಂಡು ಹೋಗುವ ಜಾಗವನ್ನು ಗೆಳೆಯರಿದ್ದಾಗ ಮೂರನೆಯ ಯತ್ನಕ್ಕೆ ದಾಟುತ್ತೀರಿ. ಗುಂಪಿನಲ್ಲಿ ಹೋಗುವ ಸುಖದ ಮುಕ್ಕಾಲು ಪಾಲು ಇಲ್ಲಿದೆ, ಉಳಿದ ಕಾಲು ಪಾಲು ಆಮೇಲಿನ ಅಕ್ಕಿರೊಟ್ಟಿಯಲ್ಲಿ.

ಸಾಮಾನು: ತಮ್ಮ ಚಕ್ರದ ಅಳತೆಯ ಟ್ಯೂಬು ಒಬ್ಬೊಬ್ಬರಿಗೂ ಬೇಕು, 29ರ ಟ್ಯೂಬನ್ನು 27.5ಕ್ಕೆ ತುರುಕಿದರೆ ಮಡಿಕೆ ಬಿದ್ದು ಹರಿಯುತ್ತದೆ. ಎರಡು ಲಿವರು, ಎರಡು ಲೀಟರ್ ನೀರು, ಕಡಲೆಮಿಠಾಯಿ, ಬಾಳೆಹಣ್ಣು ಕೂಡ ಅವರವರದೇ. ಗುಂಪಿಗೆ ಎರಡು ಪಂಪು, ಚೈನು ಬಿಚ್ಚುವ ಉಪಕರಣವಿರುವ ಮಲ್ಟಿಟೂಲ್ ಒಂದು, ಜೊತೆಗೆ ಕ್ವಿಕ್ ಲಿಂಕ್ (ತುಂಡಾದ ಚೈನನ್ನು ಜೋಡಿಸುವ ಕೊಂಡಿ). ಎಂಟು ಗೇರಿನ ಲಿಂಕು ಹತ್ತು ಗೇರಿನ ಚೈನಿಗೆ ಕೂರದು, ಎರಡೂ ಇರಲಿ. ಓಆರ್‌ಎಸ್ ಪೊಟ್ಟಣ ಮರೆತರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ಮಟ್ಟಸವಾಗಿರಲಿ.

ತೋಟದ ಗೇಟು ತೆರೆದಿದ್ದರೂ ಕೇಳಿಯೇ ಒಳಗೆ ಹೋಗಿ. ಆಲೂರು, ಸಕಲೇಶಪುರ ಭಾಗದಲ್ಲಿ ಆನೆಗಳ ಓಡಾಟವಿರುವುದರಿಂದ ಬೆಳಕು ಹರಿಯುವ ಮೊದಲು, ಸಂಜೆ ಕತ್ತಲಾಗುವಾಗ ಆ ದಾರಿಗಳು ಬೇಡ. ಹಿಂದಿನ ರಾತ್ರಿ ಎಲ್ಲಿದ್ದವೆಂದು ತೋಟದ ಕೆಲಸದವರಿಗೆ ಗೊತ್ತಿರುತ್ತದೆ. ನಾಯಿ ಅಟ್ಟಿಸಿಕೊಂಡು ಬಂದರೆ ತುಳಿದು ಓಡುವುದಕ್ಕಿಂತ ಇಳಿದು, ಸೈಕಲ್ಲನ್ನು ನಡುವೆ ಹಿಡಿದು ನಡೆಯುವುದೇ ಮೇಲು. ಓಡದ್ದನ್ನು ಅಟ್ಟಿಸಿಕೊಂಡು ಬರುವ ನಾಯಿ ಕಡಿಮೆ.

ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಮಗುಚುತ್ತೇನೆ ಎಂಬ ಭಯ. ಹಿಂದಿನದನ್ನೇ ಹಿಡಿಯುತ್ತೇನೆ, ಚಕ್ರ ಜಾರುತ್ತದೆ.
(ಮೈಸೂರು)

ನಿಲ್ಲಿಸುವ ಶಕ್ತಿ ಇರುವುದೇ ಮುಂದಿನ ಬ್ರೇಕಿನಲ್ಲಿ. ಇಳಿಜಾರಿನಲ್ಲಿ ಭಾರವೆಲ್ಲ ಮುಂದಕ್ಕೆ ಬಂದಿರುವುದರಿಂದ ಹಿಂದಿನ ಚಕ್ರಕ್ಕೆ ಹಿಡಿತ ಕಡಿಮೆ. ಮಗುಚುವುದು ಬ್ರೇಕ್ ಹಿಡಿದದ್ದರಿಂದಲ್ಲ, ಸೀಟಿನ ಮೇಲೆ ಕೂತು, ಕೈ ಸೆಟೆದುಕೊಂಡು, ಗಬಕ್ಕನೆ ಹಿಡಿದದ್ದರಿಂದ. ಸೀಟು ಮೂರು ಇಂಚು ಇಳಿಸಿ. ಎರಡೂ ಪೆಡಲು ನೆಲಕ್ಕೆ ಸಮಾನವಾಗಿಟ್ಟು ಎದ್ದು ನಿಲ್ಲಿ, ಹಿಮ್ಮಡಿ ಕೆಳಗೆ, ಮೊಣಕೈ ಹೊರಕ್ಕೆ ಬಾಗಿರಲಿ, ಸೊಂಟ ಸೀಟಿನ ಹಿಂದಕ್ಕೆ. ಒಂದೇ ಬೆರಳಿನಲ್ಲಿ ಬ್ರೇಕಿನ ಲಿವರನ್ನು ನಿಂಬೆಹಣ್ಣು ಹಿಂಡುವ ಹಾಗೆ ಒತ್ತುತ್ತಾ ಹೋಗಿ. ಮಟ್ಟಸವಾದ ಮೈದಾನದಲ್ಲಿ ಮುಂದಿನ ಬ್ರೇಕೊಂದನ್ನೇ ಬಳಸಿ ಹತ್ತು ಹದಿನೈದು ಸಲ ನಿಲ್ಲಿಸಿ ನೋಡಿದರೆ ಭಯ ಅರ್ಧ ಇಳಿಯುತ್ತದೆ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಡಿ. ಉದುರಿದ ನೀಲಗಿರಿ ಎಲೆ, ಒದ್ದೆ ಬಂಡೆ, ಸಡಿಲ ಜಲ್ಲಿಯ ಮೇಲೆ ಮಾತ್ರ ಮುಂದಿನದನ್ನು ಮುಟ್ಟದೆ ನೇರವಾಗಿ ಹಾಯ್ದುಬಿಡಿ.

ಆಫೀಸು 9 ಕಿ.ಮೀ. ಚೂಡಿದಾರ್‌ನಲ್ಲೇ ಹೋಗಬಹುದೇ? ಬೆವರಿಗೇನು ಮಾಡುವುದು? ಎಡಕ್ಕೆ ಒತ್ತಿಕೊಂಡು ಹೋದರೂ ಆಟೋಗಳ ಭಯ.
(ವೈಟ್‌ಫೀಲ್ಡ್, ಬೆಂಗಳೂರು)

ಹೋಗಬಹುದು. ಚೈನು ಇರುವುದು ಬಲಗಡೆ, ಬಲಗಾಲಿಗೆ ವೆಲ್ಕ್ರೋ ಪಟ್ಟಿ ಸುತ್ತಿ. ಮುಂದಿನ ದೊಡ್ಡ ಹಲ್ಲುಚಕ್ರಕ್ಕೆ ಪ್ಲಾಸ್ಟಿಕ್ ಬಳೆ ಇಲ್ಲದಿದ್ದರೆ ಹಾಕಿಸಿ. ದುಪಟ್ಟಾ ಮಾತ್ರ ಚೀಲದೊಳಗೇ ಇರಬೇಕು, ಹಿಂದಿನ ಚಕ್ರಕ್ಕೆ ಸುತ್ತಿದರೆ ಅಪಾಯ ಕುತ್ತಿಗೆಗೆ. ಬೆವರು ಹೆಚ್ಚಾಗಿ ಬೆನ್ನಿನ ಚೀಲದ್ದು. ಕ್ಯಾರಿಯರ್ ಹಾಕಿಸಿ ಭಾರ ಅಲ್ಲಿಗೆ ಇಳಿಸಿ. ಕೊನೆಯ ಒಂದು ಕಿಲೋಮೀಟರ್ ಸಣ್ಣ ಗೇರಿನಲ್ಲಿ ನಿಧಾನಕ್ಕೆ ಹೋದರೆ ಮೈ ತಣಿದಿರುತ್ತದೆ.

ಎಡಕ್ಕೆ ಒತ್ತಿಕೊಳ್ಳುವುದೇ ತಪ್ಪು. ನಿಂತ ಆಟೋ, ಕಾರುಗಳಿಂದ ಒಂದು ಮೀಟರ್ ದೂರವಿರಿ, ಬಾಗಿಲು ತೆರೆಯುವ ಅಗಲ ಅದು. ಅಂಚಿನಲ್ಲಿ ಹೋದರೆ ಹಿಂದಿನವರು ಇರುವ ಸಂದಿಯಲ್ಲೇ ನುಗ್ಗುತ್ತಾರೆ. ಸ್ವಲ್ಪ ಒಳಗೆ, ಅಲುಗಾಡದೆ ನೇರ ಹೋದರೆ ಬಳಸಿಕೊಂಡು ಹೋಗುತ್ತಾರೆ. ಬಸ್ಸನ್ನು ಎಡಗಡೆಯಿಂದ ದಾಟಲೇಬೇಡಿ, ಜನ ಇಳಿಯುವುದು ಅದೇ ಕಡೆ. ಮಳೆಯಲ್ಲಿ ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ ಎರಡೂ ಜಾರುತ್ತವೆ, ಅವುಗಳ ಮೇಲೆ ತಿರುಗಿಸುವುದೂ ಬ್ರೇಕ್ ಹಿಡಿಯುವುದೂ ಬೇಡ. ನೀರು ನಿಂತ ಜಾಗದಲ್ಲಿ ಗುಂಡಿ ಇದ್ದೇ ಇದೆ ಎಂದುಕೊಳ್ಳಿ.

ಬಲಕ್ಕೆ ಬಿದ್ದೆ, ಗಾಯವಿಲ್ಲ. ಆದರೆ ಏರಿನಲ್ಲಿ ಕೊನೆಯ ಗೇರಿಗೆ ಹಾಕಿದರೆ ಹಿಂದಿನಿಂದ ಕಟಕಟ ಸದ್ದು.
(ಧಾರವಾಡ)

ಇನ್ನೊಂದು ಸಲ ಆ ಗೇರಿಗೆ ಹಾಕಬೇಡಿ. ಗೇರ್ ಯಂತ್ರ ನೇತುಹಾಕಿರುವ ಹ್ಯಾಂಗರ್ ಒಳಕ್ಕೆ ಬಾಗಿದೆ, ಸದ್ದು ಕಡ್ಡಿಗೆ ತಾಗುವುದರದು. ಕಡ್ಡಿಗಳ ನಡುವೆ ಸಿಕ್ಕಿಕೊಂಡರೆ ಗೇರ್ ಯಂತ್ರ, ಚೈನು, ಚಕ್ರ ಮೂರೂ ಹೋಗುತ್ತವೆ. ಅಳತೆಗೋಲು ಇರುವ ಅಂಗಡಿಯಲ್ಲಿ ನೆಟ್ಟಗೆ ಮಾಡಿಸಿ. ಒಂದೊಂದು ಫ್ರೇಮಿಗೆ ಒಂದೊಂದು ಆಕಾರದ ಹ್ಯಾಂಗರ್, ಅದೇ ಮಾದರಿಯ ಇನ್ನೊಂದನ್ನು ಈಗಲೇ ತಂದು ಸೀಟಿನ ಚೀಲದಲ್ಲಿಡಿ. ಹೆಲ್ಮೆಟ್ ನೆಲಕ್ಕೆ ಬಡಿದಿದ್ದರೆ, ಬಿರುಕು ಕಾಣದಿದ್ದರೂ, ಅದನ್ನೂ ಬದಲಿಸಿ.