ಅವ್ವ ಉಳಿಯಲಿಲ್ಲ ಅಂದರೆ ವಿಶ್ವಾಸ ಸಾಲಲಿಲ್ಲ ಅಂತಲ್ಲ

ಅಕ್ಕಾರೆ, ಎರಡು ವರ್ಷ ಉಪವಾಸ ಪ್ರಾರ್ಥನೆ ಮಾಡಿದರೂ ಅವ್ವ ತೀರಿಕೊಂಡರು, ನಿಮಗೆ ವಿಶ್ವಾಸ ಸಾಲಲಿಲ್ಲ ಅಂತ ಚರ್ಚ್ ಸಭೆಯವರು ಹೇಳಿದರು, ಇದು ನಿಜವಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ.

ಯೇಸುವಿನ ಸಂದೇಶ ಸಾರಿದ ಪೌಲ ತನ್ನ ಶರೀರದ ಶೂಲ, ಅಂದರೆ ಬಿಡದೆ ಕಾಡುತ್ತಿದ್ದ ಬಾಧೆ, ಹೋಗಲಿ ಅಂತ ಮೂರು ಸಲ ಬೇಡಿಕೊಂಡ. ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಅನ್ನುವ ಉತ್ತರ ಬಂತು (2 ಕೊರಿಂಥ 12). ಶಿಲುಬೆಗೇರುವ ಮುಂಚಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ಈ ಸಂಕಟದ ಪಾತ್ರೆ ದಾಟಿಹೋಗಲಿ ಅಂದ, ಅದೂ ದಾಟಲಿಲ್ಲ. ಇವರಿಗೂ ವಿಶ್ವಾಸ ಕಡಿಮೆ ಇತ್ತಾ?

ನಾನು ಗುಳೇದಗುಡ್ಡದವನು. ನಮ್ಮಪ್ಪ ಖಣ ನೇಯುತ್ತಿದ್ದರು. ಲಕ್ವಾ ಹೊಡೆದು ಬಲಗೈ ಹೋಯಿತು. ಕೈ ತಿರುಗಿ ಬರಲಿ ಅಂತ ನಾಲ್ಕು ವರ್ಷ ಬೇಡಿದೆ. ಬರಲಿಲ್ಲ. ಸಿಟ್ಟಿಗೆ ಚರ್ಚ್ ಬಿಟ್ಟೆ. ಅಪ್ಪ ಮಾತ್ರ ಎಡಗೈಯಿಂದ ರೊಟ್ಟಿ ಮುರಿಯುವ ಮುಂಚೆ ದಿನಾ ಸ್ತೋತ್ರ ಹೇಳುತ್ತಿದ್ದರು. ಮೊದಮೊದಲು ಅದನ್ನು ನೋಡಿದರೆ ಮೈ ಉರಿಯುತ್ತಿತ್ತು. ನಿಧಾನಕ್ಕೆ ನನ್ನ ಪ್ರಾರ್ಥನೆಯೇ ಬೇರೆ ಆಯಿತು. ಕಿರಾಣಿ ಅಂಗಡಿಗೆ ಚೀಟಿ ಕೊಟ್ಟ ಹಾಗೆ ಬೇಡುತ್ತಿದ್ದವನು, ಸುಮ್ನೆ ದೇವರ ಮುಂದೆ ಕೂರುವುದನ್ನು ಕಲಿತೆ. ಇದು ಎಲ್ಲರಿಗೂ ಹೀಗೇ ಆಗುತ್ತದೆ ಅನ್ನಲಾರೆ. ನನಗೂ ಜಾಸ್ತಿ ಸಮಯವೇ ಹಿಡಿಯಿತು.

ಸಭೆಯವರ ಮಾತು ಬಿಡಿ. ಬೈಬಲಿನಲ್ಲಿ ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಗೆಳೆಯರೂ ಏಳು ದಿನ ಬಾಯಿ ಮುಚ್ಚಿ ಕೂತಾಗ ಚೆನ್ನಾಗೇ ಇದ್ದರು, ಬಾಯಿ ತೆರೆದು ತಪ್ಪು ನಿನ್ನದೇ ಅಂದ ಮೇಲೆ ಕೆಟ್ಟಿತು, ಅಲ್ವಾ?

ಅಳು ಬಂದರೆ ಅಳಿ. ಈ ವಾರ 88ನೇ ಕೀರ್ತನೆ ಓದಿ. ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಆದರೂ ಬೈಬಲಿನಿಂದ ಯಾರೂ ತೆಗೆದುಹಾಕಿಲ್ಲ.